ದಿಲ್ಲಿಯ ಬಾಲ್ಕನಿಗೆ ಬಂದದ್ದು ಹಮ್ಮಿಂಗ್‌ಬರ್ಡ್ ಅಲ್ಲ

ಪ್ರತಿ ವರ್ಷ ಹೋಳಿ ಹಬ್ಬದ ಆಸುಪಾಸಿನಲ್ಲಿ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂದೇ ಬರುತ್ತದೆ. ದ್ವಾರಕಾದ ಐದನೇ ಮಹಡಿಯಿಂದಲೋ, ನೋಯ್ಡಾದ ಹದಿನೇಳನೇ ಮಹಡಿಯಿಂದಲೋ, ಗುರುಗ್ರಾಮದ ಯಾವುದೋ ಪೇಯಿಂಗ್ ಗೆಸ್ಟ್ ಕೋಣೆಯ ಕಿಟಕಿಯಿಂದಲೋ ತೆಗೆದದ್ದು. ಹೆಬ್ಬೆರಳಿಗಿಂತ ತುಸು ದೊಡ್ಡ, ಕಪ್ಪಗೆ ಮಿರುಗುವ ಹಕ್ಕಿಯೊಂದು ಕುಂಡದ ಹೂವಿಗೆ ಬಾಗಿದ ಕೊಕ್ಕು ತೂರಿಸುತ್ತಿರುತ್ತದೆ. ಕೆಳಗೆ ಬರೆದಿರುತ್ತದೆ: 'ನಮ್ಮನೆಗೆ ಹಮ್ಮಿಂಗ್‌ಬರ್ಡ್ ಬಂದಿದೆ!' ಹತ್ತಾರು ಹೃದಯಗಳು, ಚಪ್ಪಾಳೆಗಳು ಬೀಳುತ್ತವೆ. ಯಾರೋ ಒಬ್ಬರು ಮೆಲ್ಲಗೆ 'ಅದು ಸೂರಕ್ಕಿ ಕಣ್ರೀ' ಎನ್ನುತ್ತಾರೆ. ಆಮೇಲೆ ಮಾತು ಕ್ರಿಕೆಟ್ಟಿಗೆ ಹೋಗುತ್ತದೆ.

ಈ ಸಣ್ಣ ತಪ್ಪಿನ ಹಿಂದೆ ದೊಡ್ಡ ಚರಿತ್ರೆಯಿದೆ. ಎರಡು ಖಂಡಗಳು, ಒಂದು ಮರುಭೂಮಿಯ ಅಂಚು, ಒಂದು ಸಾಮ್ರಾಜ್ಯದ ರಾಜಧಾನಿ, ನಮ್ಮವರೇ ಆದ ಇಬ್ಬರು ಸಸ್ಯವಿಜ್ಞಾನಿಗಳು ಅದರಲ್ಲಿ ಬರುತ್ತಾರೆ. ಹಕ್ಕಿಯ ಹೆಸರನ್ನು ತಿದ್ದಿ ಸುಮ್ಮನಾಗುವ ಬದಲು ಆ ದಾರಿಯಲ್ಲಿ ಸ್ವಲ್ಪ ನಡೆದು ನೋಡೋಣ.

ಮೊದಲು ನಿಜವಾದ ಹಮ್ಮಿಂಗ್‌ಬರ್ಡ್ ಕಥೆ. ಇಂದು ಬದುಕಿರುವ 350ಕ್ಕೂ ಹೆಚ್ಚು ಜಾತಿಯ ಹಮ್ಮಿಂಗ್‌ಬರ್ಡ್‌ಗಳೆಲ್ಲ ಇರುವುದು ಉತ್ತರ ಮತ್ತು ದಕ್ಷಿಣ ಅಮೆರಿಕಗಳಲ್ಲಿ, ಅವುಗಳ ಸುತ್ತಲಿನ ದ್ವೀಪಗಳಲ್ಲಿ ಮಾತ್ರ. ಅವುಗಳಲ್ಲಿ ಮರಳುಗಾಡನ್ನೇ ಮನೆ ಮಾಡಿಕೊಂಡ ಒಂದು ಜಾತಿ ಕೋಸ್ಟಾಸ್ ಹಮ್ಮಿಂಗ್‌ಬರ್ಡ್. ಅಮೆರಿಕ ಮತ್ತು ಮೆಕ್ಸಿಕೋಗಳ ನಡುವೆ ಹರಡಿರುವ ಸೊನೋರಾ ಮರುಭೂಮಿ, ಅದರ ಪಕ್ಕದ ಮೊಹಾವಿ ಮರುಭೂಮಿ ಅದರ ನೆಲೆ. 1839ರಲ್ಲಿ ಫ್ರೆಂಚ್ ವಿದ್ವಾಂಸ ಬೂರ್ಸಿಯೆ ಇದನ್ನು ಮೊದಲು ವರ್ಣಿಸಿ, ಹಕ್ಕಿ ಸಂಗ್ರಹದ ಹುಚ್ಚಿದ್ದ ಕೋಸ್ಟಾ ಎಂಬ ಶ್ರೀಮಂತನ ಹೆಸರಿಟ್ಟ. ತೂಕ ಸುಮಾರು ಮೂರು ಗ್ರಾಂ. ಗಂಡಿನ ತಲೆ ಮತ್ತು ಕತ್ತು ಗಾಢ ನೇರಳೆ. ಕತ್ತಿನ ಗರಿಗಳು ಎರಡೂ ಬದಿಗೆ ಹುರಿ ಮಾಡಿದ ಮೀಸೆಯ ಹಾಗೆ ಚಾಚಿರುತ್ತವೆ. ಮರುಭೂಮಿಯ ಚಳಿ ರಾತ್ರಿಗಳಲ್ಲಿ ಅದು ಜೀವವನ್ನೇ ತಗ್ಗಿಸಿಕೊಂಡು ಕೂರುತ್ತದೆ. ಹಗಲು ನಿಮಿಷಕ್ಕೆ 500ಕ್ಕೂ ಹೆಚ್ಚು ಬಾರಿ ಬಡಿಯುವ ಹೃದಯ ಆಗ 50ರ ಆಸುಪಾಸಿಗೆ ಇಳಿಯುತ್ತದೆ. ಚಳಿಗಾಲದ ಕೊನೆಯಲ್ಲಿ, ವಸಂತದಲ್ಲಿ ಅಲ್ಲಿ ಕೆಂಪು ಹೂಗಳು ಬಿಟ್ಟಾಗ ಮರಿ ಮಾಡಿ ಮುಗಿಸುತ್ತದೆ. ಬಿಸಿಲು ಕಾದಾಗ ಬಹುಪಾಲು ಹಕ್ಕಿಗಳು ಕಡಲ ಕಡೆಗೆ ಸರಿಯುತ್ತವೆ. ಅಲ್ಲಿನ ಜನ ತೋಟದಲ್ಲಿ ಕೆಂಪು ಕೊಳವೆ ಹೂಗಳನ್ನು ಬೆಳೆಸಿ, ಸಕ್ಕರೆ ನೀರಿನ ಬಾಟಲಿ ತೂಗುಹಾಕಿ ಇದನ್ನು ಕರೆಯುತ್ತಾರೆ.

ಇಂಗ್ಲೆಂಡಿನವರಿಗೆ ಈ ಹಕ್ಕಿಗಳ ಮೋಹ ಹತ್ತಿಸಿದವರಲ್ಲಿ ಮುಖ್ಯನಾದವನು ಜಾನ್ ಗೌಲ್ಡ್. 1830ರ ದಶಕದ ಆರಂಭದಲ್ಲಿ ಅವನಿಗೆ ಹೆಸರು ತಂದ ಮೊದಲ ಪುಸ್ತಕ ಹಿಮಾಲಯದ ಹಕ್ಕಿಗಳ ಕುರಿತದ್ದು. ಹಿಮಾಲಯವನ್ನು ಅವನು ನೋಡಿರಲಿಲ್ಲ, ಹೋದ ಚರ್ಮಗಳನ್ನು ಕಂಡು ಬರೆದದ್ದು. 1851ರ ಮಹಾ ವಸ್ತುಪ್ರದರ್ಶನದ ವರ್ಷ ಲಂಡನ್ನಿನ ಮೃಗಾಲಯದಲ್ಲಿ ತನ್ನ ಹಮ್ಮಿಂಗ್‌ಬರ್ಡ್ ಸಂಗ್ರಹವನ್ನು ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟ. ವಿಕ್ಟೋರಿಯಾ ರಾಣಿಯೂ ಬಂದು ನೋಡಿ ಮೆಚ್ಚಿದಳು. ಅಷ್ಟು ಹೊತ್ತಿಗೂ ಗೌಲ್ಡ್ ಒಂದೇ ಒಂದು ಜೀವಂತ ಹಮ್ಮಿಂಗ್‌ಬರ್ಡ್ ಕಂಡವನಲ್ಲ. 1857ರಲ್ಲಿ ಅಮೆರಿಕಕ್ಕೆ ಹೋದಾಗಲೇ, ಫಿಲಡೆಲ್ಫಿಯಾದ ಒಂದು ತೋಟದಲ್ಲಿ, ಮೊದಲ ಬಾರಿ ಅದು ಹಾರುವುದನ್ನು ನೋಡಿದ್ದು. ಅದೇ ವರ್ಷ ಇಲ್ಲಿ ದಿಲ್ಲಿಯ ಉತ್ತರದ ರಿಜ್ ಗುಡ್ಡದ ಮೇಲೆ ಬ್ರಿಟಿಷ್ ಫೌಜು ಬೀಡುಬಿಟ್ಟು ಶಹಜಹಾನಾಬಾದಿನ ಮೇಲೆ ಗುಂಡು ಹಾರಿಸುತ್ತಿತ್ತು.

ಇಂಥ ಪೆಟ್ಟಿಗೆ, ಇಂಥ ಚಿತ್ರ ನೋಡಿ ಬೆಳೆದ ಕಣ್ಣು ಭಾರತದ ತೋಟದಲ್ಲಿ ಮಿರುಗುವ ಪುಟ್ಟ ಹಕ್ಕಿಯನ್ನು ಕಂಡಾಗ ಹಮ್ಮಿಂಗ್‌ಬರ್ಡ್ ಎಂದುಕೊಂಡರೆ ಆಶ್ಚರ್ಯವಿಲ್ಲ. ಇಂದು ನಮ್ಮ ಮಕ್ಕಳೂ ಕಾರ್ಟೂನಿನಲ್ಲಿ, ಇಂಗ್ಲಿಷ್ ಪುಸ್ತಕದಲ್ಲಿ ಮೊದಲು ಕಲಿಯುವುದು ಅದೇ ಹೆಸರನ್ನು. ಆದರೆ ಎರಡಕ್ಕೂ ರಕ್ತಸಂಬಂಧವಿಲ್ಲ. ಹಮ್ಮಿಂಗ್‌ಬರ್ಡ್ ಬಾನಾಡಿಗಳ ಹತ್ತಿರದ ನೆಂಟ. ನಮ್ಮ ಸೂರಕ್ಕಿ ಗುಬ್ಬಿ, ಕಾಗೆ, ಪಿಕಳಾರಗಳೂ ಸೇರುವ ಹಾಡುಹಕ್ಕಿಗಳ ದೊಡ್ಡ ಬಳಗದ್ದು. ಅದು ಗಾಳಿಯಲ್ಲಿ ನಿಂತು ಮಕರಂದ ಹೀರುತ್ತದೆ; ಇದು ಅಪರೂಪಕ್ಕೆ ಹಾಗೆ ಮಾಡಿದರೂ ಹೆಚ್ಚಾಗಿ ಕೊಂಬೆಗೋ ತೊಟ್ಟಿಗೋ ಕಾಲೂರಿ ಕೂರುತ್ತದೆ. ಒಂದೇ ಕೆಲಸಕ್ಕೆ ಎರಡು ಖಂಡಗಳಲ್ಲಿ ಎರಡು ಬೇರೆ ಮನೆತನಗಳು ತಯಾರಾದವು. ಎರಡಕ್ಕೂ ಉದ್ದ ಕೊಕ್ಕು, ಕೊಳವೆಯಂಥ ನಾಲಿಗೆ, ಹೊಳೆಯುವ ಗರಿ ಬಂತು. ಇದರಲ್ಲಿ ಇನ್ನೊಂದು ಸೋಜಿಗವಿದೆ. 2004ರಲ್ಲಿ ಗೆರಾಲ್ಡ್ ಮೇಯರ್ ಎಂಬ ವಿಜ್ಞಾನಿ ಜರ್ಮನಿಯಲ್ಲಿ ಸಿಕ್ಕ, ಸುಮಾರು ಮೂರು ಕೋಟಿ ವರ್ಷ ಹಳೆಯ ಹಮ್ಮಿಂಗ್‌ಬರ್ಡ್ ಪಳೆಯುಳಿಕೆಗಳನ್ನು ವರ್ಣಿಸಿದರು. ಅಂದರೆ ಹಳೆಯ ಜಗತ್ತಿನಲ್ಲೂ ಅವು ಒಂದು ಕಾಲಕ್ಕೆ ಇದ್ದವು, ಅಳಿದುಹೋದವು. 'ಇದು ಅಮೆರಿಕದ್ದು, ಇದು ನಮ್ಮದು' ಎಂಬ ಗೆರೆ ಎಷ್ಟು ಇತ್ತೀಚಿನದು ನೋಡಿ.

ದಿಲ್ಲಿಯ ಸೂರಕ್ಕಿಯನ್ನು ಇಂಗ್ಲಿಷಿನಲ್ಲಿ ಪರ್ಪಲ್ ಸನ್‌ಬರ್ಡ್ ಎನ್ನುತ್ತಾರೆ. ನಮ್ಮ ಊರುಗಳಲ್ಲೂ ಅದು ಇದೆ. ಆದರೆ ಕರ್ನಾಟಕದ ಮನೆಯಂಗಳದಲ್ಲಿ ಅದರ ಜೊತೆಗೆ ಹಳದಿ ಹೊಟ್ಟೆಯ ಮತ್ತೊಂದು ಸೂರಕ್ಕಿ ಇನ್ನೂ ಹೆಚ್ಚು ಬಳಕೆಯದು. ಮಲೆನಾಡಿಗೆ ಹೋದರೆ ಇನ್ನೂ ಪುಟ್ಟದಾದ, ಕೆಂಪು ಬೆನ್ನಿನದು. ದಿಲ್ಲಿಯಲ್ಲಿ ಈ ಕೆಲಸಕ್ಕೆಲ್ಲ ಇರುವುದು ಈ ಕಪ್ಪು ಸೂರಕ್ಕಿ ಒಂದೇ ಎನ್ನಬಹುದು. ದಿಲ್ಲಿಯ ಸುಡುಬಿಸಿಲನ್ನೂ ಒಣಹವೆಯನ್ನೂ ಅದು ತಾಳಿಕೊಂಡಿದೆ. ಉದ್ದ ಹತ್ತು ಸೆಂಟಿಮೀಟರಿನಷ್ಟು. ವಸಂತದಲ್ಲಿ ಗಂಡು ನೆರಳಿನಲ್ಲಿ ಬರೀ ಕರಿ, ಬಿಸಿಲಿಗೆ ತಿರುಗಿದರೆ ಮೈಲುತುತ್ತದ ನೀಲಿ, ನೇರಳೆ. ಮರಿಗಳ ಕಾಲ ಮುಗಿದ ಮೇಲೆ ಆ ರೇಷ್ಮೆ ಅಂಗಿ ಕಳಚಿ, ಹೆಣ್ಣಿನ ಹಾಗೆ ಮಾಸಲು ಹಳದಿಯಾಗಿ, ಎದೆಯ ನಡುವೆ ಒಂದು ಕಪ್ಪು ಪಟ್ಟೆ ಮಾತ್ರ ಉಳಿಸಿಕೊಳ್ಳುತ್ತದೆ. ಹಿಂದಿಯಲ್ಲಿ ಇದರ ಹೆಸರು ಶಕ್ಕರ್‌ಖೋರಾ, ಸಕ್ಕರೆ ತಿನ್ನುವವನು. 'ಶಕ್ಕರ್‌ಖೋರೇ ಕೋ ಶಕ್ಕರ್ ಮಿಲ್ ಹೀ ಜಾತೀ ಹೈ' ಎಂಬ ಗಾದೆಯೂ ಇದೆ. ಸಕ್ಕರೆ ತಿನ್ನುವವನಿಗೆ ಎಲ್ಲಿದ್ದರೂ ಸಕ್ಕರೆ ಸಿಕ್ಕೇ ಸಿಗುತ್ತದೆ ಎಂದು ಅರ್ಥ. ಉದ್ಯೋಗಕ್ಕೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಕೇಳಲು ಹಿತವಾದ ಮಾತು. ಆದರೆ ಈ ಊರಿನಲ್ಲಿ ಆ ಸಕ್ಕರೆ ಎಲ್ಲಿಂದ ಬರುತ್ತಿತ್ತು, ಈಗ ಎಲ್ಲಿಂದ ಬರುತ್ತಿದೆ ಎಂಬುದೇ ಮುಖ್ಯ ಪ್ರಶ್ನೆ.

ದಿಲ್ಲಿ ಅರಾವಳಿ ಬೆಟ್ಟಸಾಲಿನ ಕೊನೆಯ ಬಾಲ ಯಮುನೆಯನ್ನು ಮುಟ್ಟುವ ಜಾಗ. ರಿಜ್ ಎಂದು ನಾವು ಕರೆಯುವುದು ಆ ಬಾಲವನ್ನೇ. ಆ ಕಡೆ ಥಾರ್ ಮರುಭೂಮಿ, ಈ ಕಡೆ ನದಿಯ ಬಯಲು. ಇಲ್ಲಿನ ಮೂಲ ಕಾಡು ಎತ್ತರದ್ದಲ್ಲ. ಮುಳ್ಳಿನ, ಬಂಡೆಯ, ಬೇಸಿಗೆಯಲ್ಲಿ ಬೋಳಾಗುವ ಕಾಡು. ಆ ಬೋಳು ಕಾಡೇ ಹೂ ಬಿಡುವಾಗ ಮಾತ್ರ ಕೈ ಹಿಡಿಯುತ್ತಿರಲಿಲ್ಲ. ಚಳಿಗಾಲ ಕಳೆಯುತ್ತಿದ್ದಂತೆ ಆಡುಸೋಗೆಯ ಬಿಳಿ ಹೂ. ಬಳಿಕ ಬೂರುಗ. ಮಾರ್ಚಿನಲ್ಲಿ ಇಲ್ಲಿನವರು ಢಾಕ್ ಎನ್ನುವ ನಮ್ಮ ಮುತ್ತುಗ. ಅದರ ಹಿಂದೆಯೇ ಎಲೆಯೇ ಇಲ್ಲದ ಕೈರ್ ಪೊದೆಯ ಇಟ್ಟಿಗೆಗೆಂಪು ಹೂ. ಒಂದು ಮುಗಿಯುವಾಗ ಇನ್ನೊಂದು ಅರಳುವ ಈ ಸಾಲೇ ಶಕ್ಕರ್‌ಖೋರನ ಪಡಿತರ.

ಮುತ್ತುಗ ನಮಗೆ ಊಟದೆಲೆಯಾಗಿ ಗೊತ್ತು. ಅಜ್ಜಿ ಬೇಸಿಗೆಯಲ್ಲಿ ಒಣಗಿಸಿ ಕಟ್ಟಿಟ್ಟ ಎಲೆಯ ಕಟ್ಟು, ಕಡ್ಡಿ ಚುಚ್ಚಿ ಹಚ್ಚಿದ ಪತ್ರಾವಳಿ ನೆನಪಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಉತ್ತರದವರಿಗೂ ಅದು ಗಾದೆಯೊಳಗಿನ ಮರ. ಎಷ್ಟು ಮಾಡಿದರೂ ಸ್ಥಿತಿ ಬದಲಾಗದಿದ್ದರೆ 'ಢಾಕ್ ಕೇ ತೀನ್ ಪಾತ್' ಎನ್ನುತ್ತಾರೆ. ಆ ಮರದಲ್ಲಿ ಎಲ್ಲಿ ನೋಡಿದರೂ ಮೂರೇ ಎಲೆಯ ಗೊಂಚಲು. ಅದರ ಹೂವಿನಿಂದ ಹೋಳಿಯ ಕೇಸರಿ ಬಣ್ಣ ತೆಗೆಯುತ್ತಿದ್ದರು. 1757ರ ಯುದ್ಧ ನಡೆದ ಪಲಾಶಿ ಎಂಬ ಊರಿನ ಹೆಸರೂ ಈ ಮರದಿಂದಲೇ ಬಂತು ಎನ್ನುತ್ತಾರೆ. ಗಂಗಾ-ಯಮುನೆಯ ಬಯಲಿನಲ್ಲಿ ಮೈಲುಗಟ್ಟಲೆ ಹಬ್ಬಿದ್ದ ಢಾಕ್ ಕಾಡುಗಳು ಬೇಸಾಯಕ್ಕೆ, ಸೌದೆಗೆ ಕರಗಿದವು. ದಿಲ್ಲಿಯ ಒಳಗೆ ಇಂದು ಮುತ್ತುಗವನ್ನು ಹುಡುಕಿಕೊಂಡೇ ಹೋಗಬೇಕು.

1911ರ ಡಿಸೆಂಬರಿನಲ್ಲಿ ದರ್ಬಾರು ನಡೆಸಿ ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ತರುವುದಾಗಿ ಐದನೇ ಜಾರ್ಜ್ ಘೋಷಿಸಿದ. ಹೊಸ ನಗರದ ಹಿನ್ನೆಲೆಗೆ ಹಸಿರು ಗುಡ್ಡ ಬೇಕಿತ್ತು. ಶತಮಾನಗಳಿಂದ ದನ, ಆಡು ಮೇದು, ಸೌದೆಗೆ ಕಡಿಸಿಕೊಂಡು ರಿಜ್ ಬಹುಪಾಲು ಬೋಳಾಗಿತ್ತು. ಅದಕ್ಕೆ ಹಸಿರು ಹೊದಿಸುವ ಕೆಲಸದಲ್ಲಿ ಬಂದ ಮರಗಳಲ್ಲಿ ಒಂದು ಅಮೆರಿಕ ಖಂಡದ ಮೆಸ್ಕೀಟ್ ಬಳಗದ ಜಾಲಿ. ನೀರಿಲ್ಲದೆ ಬೆಳೆಯುತ್ತದೆ, ಆಡು ಅದರ ಎಲೆ ಮುಟ್ಟುವುದಿಲ್ಲ, ಕಡಿದಷ್ಟೂ ಚಿಗುರುತ್ತದೆ. ಇಂದು ರಿಜ್‌ನಲ್ಲಿ ನಡೆದರೆ ಎರಡೂ ಕಡೆ ಬಾಗಿ ದಾರಿಗೆ ಚಪ್ಪರ ಹಾಕಿರುವುದು ಬಹುಪಾಲು ಅದೇ ಮರ.

ಇದರ ಹೆಸರುಗಳ ಕಥೆ ಕೇಳಿ. ದಿಲ್ಲಿಯವರು ವಿಲಾಯತಿ ಕೀಕರ್ ಎನ್ನುತ್ತಾರೆ. ತಮಿಳರಿಗೆ ಅದು ಸೀಮೆಯ ಕರಿಜಾಲಿ. ನಮಗೆ ಬಳ್ಳಾರಿ ಜಾಲಿ! ಬಳ್ಳಾರಿಯವರು ಪಾಪ ಏನು ಮಾಡಿದ್ದರು? 1870ರ ದಶಕದಲ್ಲಿ ಇದರ ಬೀಜ ಭಾರತಕ್ಕೆ ಬಂದಾಗ ಮೊದಲು ಬಿತ್ತಿದ ಸೀಮೆಗಳಲ್ಲಿ ಪಕ್ಕದ ಕಡಪಾ ಒಂದು. 1940ರಲ್ಲಿ ಜೋಧಪುರ ಸಂಸ್ಥಾನ ಇದಕ್ಕೆ ರಾಜಮರದ ಪಟ್ಟ ಕಟ್ಟಿ ಎಲ್ಲೆಡೆ ಬೆಳೆಸಲು ಹೇಳಿತ್ತು. ಎಲ್ಲರೂ ಕರೆದು ಕೂರಿಸಿದರು, ಬೇಡವಾದ ಮೇಲೆ ಎಲ್ಲರೂ ಅದು ಪಕ್ಕದೂರಿನದು ಎಂದರು. ಈ ಮರದ ಬಗ್ಗೆ ನನಗೆ ಸಿಟ್ಟಿಗಿಂತ ಸಂಕೋಚವೇ ಹೆಚ್ಚು. ಬಡವರ ಒಲೆಗೆ ಸೌದೆ ಕೊಟ್ಟಿದೆ, ಧೂಳು ತಡೆದಿದೆ, ಹಕ್ಕಿಗಳಿಗೆ ರಾತ್ರಿಯ ಮುಳ್ಳಿನ ರಕ್ಷಣೆ ಕೊಟ್ಟಿದೆ. ಆದರೆ ಅದರ ಕೆಳಗೆ ಬೇರೆ ಗಿಡ ಏಳುವುದು ಕಷ್ಟ. ಅದರ ಹಳದಿ-ಹಸಿರು ತೆನೆಹೂ ಜೇನುನೊಣಕ್ಕೆ ಸರಿ. ಉದ್ದ ಕೊಕ್ಕಿನವನಿಗೆ ಅದು ಕೆಂಪು ಬಟ್ಟಲಿನ ಮುತ್ತುಗವಾಗಲಾರದು. ಕೋಸ್ಟಾಸ್ ಹಕ್ಕಿಯ ಮರುಭೂಮಿಯಲ್ಲಿ ಈ ಮರದ ದಾಯಾದಿಗಳೇ ಬೆಳೆಯುತ್ತವೆ. ಮರದ ಬಳಗ ಇಲ್ಲಿಗೆ ಬಂತು, ಅದರ ಹಕ್ಕಿ ಬರಲಿಲ್ಲ. ಇಲ್ಲಿದ್ದ ಹಕ್ಕಿ ಉಳಿಯಿತು, ಅದರ ಮರ ಹೋಯಿತು.

ಹಾಗಿದ್ದೂ ಶಕ್ಕರ್‌ಖೋರಾ ನಗರ ಬಿಟ್ಟು ಹೋಗಲಿಲ್ಲ. ಅದನ್ನು ಉಳಿಸಿದ್ದು ತೋಟಗಳು. 1919ರ ಹೊತ್ತಿಗೆ ದಿಲ್ಲಿಗೆ ಬಂದ ತೋಟಗಾರಿಕೆಯ ಅಧಿಕಾರಿ ಮಸ್ಟೋ, ಲುಟ್ಯೆನ್ಸ್ ಜೊತೆ ಸೇರಿ ಹೊಸ ದಿಲ್ಲಿಯ ರಸ್ತೆಗಳಿಗೆ ನೇರಳೆ, ಬೇವು, ಹುಣಸೆ, ಮತ್ತಿ ಸಾಲುಗಳನ್ನು ಬೆಳೆಸಿದ. 1931ರಲ್ಲಿ ನಗರ ಉದ್ಘಾಟನೆಯಾದಾಗ ಬಂಗಲೆಗಳ ಸುತ್ತ ದೊಡ್ಡ ತೋಟಗಳಿದ್ದವು. ಅಲ್ಲಿಗೆ ದಾಸವಾಳದ ಜೊತೆ ಹೊರದೇಶದ ಪೊದೆಗಳೂ ಬಂದವು. ಇಂದು ದಿಲ್ಲಿಯ ಪಾರ್ಕು, ಮೆಟ್ರೋ ನಿಲ್ದಾಣ, ರಸ್ತೆ ವಿಭಜಕಗಳಲ್ಲೆಲ್ಲ ಕಾಣುವ ಕಿತ್ತಳೆಗೆಂಪಿನ ಹ್ಯಾಮೇಲಿಯಾ ಬೇಲಿಯನ್ನು ಗಮನಿಸಿ. ಅದು ಅಮೆರಿಕ ಖಂಡದ ಗಿಡ. ಅಲ್ಲಿ ಅದರ ಒಂದು ಹೆಸರೇ ಹಮ್ಮಿಂಗ್‌ಬರ್ಡ್ ಪೊದೆ. ಮೆಕ್ಸಿಕೋದ ರಸೆಲಿಯಾ, ಪಟಾಕಿ ಸರದಂತೆ ಜೋತು ಬೀಳುವ ಕೆಂಪು ಹೂವಿನದು, ಕೂಡ ಹಾಗೆಯೇ. ಹಮ್ಮಿಂಗ್‌ಬರ್ಡಿಗಾಗಿ ಲಕ್ಷಾಂತರ ವರ್ಷ ತಯಾರಾದ ಕೊಳವೆಗಳಿಗೆ ಸೂರಕ್ಕಿಯ ಕೊಕ್ಕು ಮೊದಲ ದಿನವೇ ಹೊಂದಿಕೊಂಡಿತು. ಆಗದ ಕಡೆ ಹೂವಿನ ಬುಡಕ್ಕೆ ತೂತು ಮಾಡಿ ಕದಿಯಿತು. ವಾಟ್ಸಾಪಿನ ಆ ವಿಡಿಯೋ ಹಾಗಾದರೆ ಪೂರ್ತಿ ಸುಳ್ಳೂ ಅಲ್ಲ: ಹೂವು ಹಮ್ಮಿಂಗ್‌ಬರ್ಡಿನದು, ಹಕ್ಕಿ ಮಾತ್ರ ನಮ್ಮದು.

ಈ ತೋಟಗಳಲ್ಲಿ ಹಕ್ಕಿ ನೋಡುವವರ ಪರಂಪರೆಯೂ ಬೆಳೆಯಿತು. ಗಾಂಧೀಜಿಯ ಗೆಳೆಯ, ಕ್ವೇಕರ್ ಪಂಥದ ಹೊರೇಸ್ ಅಲೆಕ್ಸಾಂಡರ್ ಮುಂದಾಳುತನದಲ್ಲಿ 1950ರಲ್ಲಿ ದಿಲ್ಲಿಯಲ್ಲಿ ಪಕ್ಷಿವೀಕ್ಷಕರ ಸಂಘ ಆರಂಭವಾಯಿತು. ಇಂದಿರಾ ಗಾಂಧಿ ಅದರ ಸ್ಥಾಪಕ ಸದಸ್ಯರಲ್ಲಿ ಒಬ್ಬರು. 1955ರಿಂದ 1960ರವರೆಗೆ ಬ್ರಿಟಿಷ್ ಹೈಕಮಿಷನರ್ ಆಗಿದ್ದ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ತನ್ನ ದಿಲ್ಲಿ ಬಂಗಲೆಯ ತೋಟಕ್ಕೆ ಬಂದ ಹಕ್ಕಿಗಳ ಮೇಲೆಯೇ ಒಂದು ಪುಸ್ತಕ ಬರೆದ. ಉಷಾ ಗಂಗೂಲಿ ವರ್ಷಗಟ್ಟಲೆ ಸುತ್ತಾಡಿ ಬರೆದಿಟ್ಟ ದಿಲ್ಲಿ ಹಕ್ಕಿಗಳ ಕೈಪಿಡಿ, ಅವರು ತೀರಿಕೊಂಡ ಮೇಲೆ 1975ರಲ್ಲಿ ಅಚ್ಚಾಯಿತು. ಆದರೆ ಹಕ್ಕಿ ನೋಡಿದ್ದು ಸಾಕಾಯಿತು, ಅದು ಹೂವಿಗೆ ಏನು ಮಾಡುತ್ತದೆ ಎಂದು ಕೂತು ಲೆಕ್ಕ ಹಾಕಬೇಕಿತ್ತು. ಇಲ್ಲಿ ನಮ್ಮವರು ಬರುತ್ತಾರೆ.

ಎಚ್. ವೈ. ಮೋಹನ್‌ರಾಮ್ 1930ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಅಪ್ಪ ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ. ಅಣ್ಣ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ, ದಿಲ್ಲಿ ಕನ್ನಡಿಗರಿಗೆ ಚಿರಪರಿಚಿತರಾದ ಎಚ್. ವೈ. ಶಾರದಾಪ್ರಸಾದ್. ಪಂಚಾನನ ಮಾಹೇಶ್ವರಿ ಕಟ್ಟಿದ ದಿಲ್ಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ವಿಭಾಗಕ್ಕೆ 1950ರ ದಶಕದಲ್ಲಿ ಸೇರಿದ ಮೋಹನ್‌ರಾಮ್ ಅಲ್ಲೇ ನಿವೃತ್ತರಾದರು, 2018ರಲ್ಲಿ ತೀರಿಕೊಂಡರು. ಅದೇ ವಿಭಾಗದಲ್ಲಿ ದಶಕಗಳ ಕಾಲ ಪರಾಗಸ್ಪರ್ಶದ ಅಧ್ಯಯನ ನಡೆಸಿ, ಮುಂದೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಜೊತೆ ಕೆಲಸ ಮಾಡಿದವರು ಕೆ. ಆರ್. ಶಿವಣ್ಣ. ಇವರಿಬ್ಬರೂ ರಾಜೇಶ್ ಟಂಡನ್ ಜೊತೆಗೂಡಿ 2003ರಲ್ಲಿ 'ಆನಲ್ಸ್ ಆಫ್ ಬಾಟನಿ' ಪತ್ರಿಕೆಯಲ್ಲಿ ಮುತ್ತುಗದ ಸಂತಾನಕ್ರಮದ ಬಗ್ಗೆ ಲೇಖನ ಪ್ರಕಟಿಸಿದರು. ಮುತ್ತುಗದ ಹೂವಿಗೆ ಹಲವು ಬಗೆಯ ಹಕ್ಕಿಗಳು ಬರುತ್ತವೆ, ಸಿಹಿ ಕುಡಿದು ಹೋಗುತ್ತವೆ. ಅವುಗಳಲ್ಲಿ ಪರಾಗಸ್ಪರ್ಶದ ಕೆಲಸವನ್ನು ಸರಿಯಾಗಿ ಮಾಡುವ ಹಕ್ಕಿ ಕಪ್ಪು ಸೂರಕ್ಕಿ ಒಂದೇ ಎಂದು ಅವರು ಕಂಡುಕೊಂಡರು. ಜೊತೆಗೆ ನಮ್ಮ ಮೂರು ಗೆರೆಯ ಅಳಿಲು.

ಈ ಮಾತಿನ ಭಾರ ಯೋಚಿಸಿ. ಸೂರಕ್ಕಿ ಮುತ್ತುಗಕ್ಕೆ ಬರುವ ಅತಿಥಿ ಅಲ್ಲ, ಅದರ ಪುರೋಹಿತ. ಹಕ್ಕಿಗೆ ಹ್ಯಾಮೇಲಿಯಾ ಸಿಕ್ಕರೆ ಬದುಕಿಕೊಳ್ಳುತ್ತದೆ. ಮುತ್ತುಗಕ್ಕೆ ಹಕ್ಕಿ ಸಿಗದಿದ್ದರೆ ಕಾಯಿ ಕಟ್ಟುವುದೇ ಕಷ್ಟ. ನಾವು ಬಾಲ್ಕನಿಗೆ ಹಕ್ಕಿ ಕರೆಯುವುದು ನಮ್ಮ ಫೋನಿನ ವಿಡಿಯೋಗೆ ಮಾತ್ರ ಅಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಒಂದು ವಠಾರದ ಕುಂಡಗಳು ವರ್ಷವಿಡೀ ನಾಲ್ಕು ಹಕ್ಕಿಗಳನ್ನು ಹಿಡಿದಿಟ್ಟರೆ, ಮಾರ್ಚಿನಲ್ಲಿ ಹತ್ತಿರದ ಉಳಿದ ಮುತ್ತುಗಕ್ಕೆ ಹೋಗಿಬರಲು ಯಾರಾದರೂ ಇರುತ್ತಾರೆ.

ಹಾಗಾದರೆ ಕರೆಯುವುದು ಹೇಗೆ? ನಾನು ಮಾಡಿದ ತಪ್ಪಿನಿಂದ ಶುರು ಮಾಡುತ್ತೇನೆ. ಮೊದಲ ವರ್ಷ ಆನ್‌ಲೈನಿನಲ್ಲಿ ಕೆಂಪು ಬಾಟಲಿ ತರಿಸಿ, ಅಮೆರಿಕದವರ ಲೆಕ್ಕದಂತೆ ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ತೂಗುಹಾಕಿದೆ. ಮೇ ತಿಂಗಳ ದಿಲ್ಲಿ. ಮಧ್ಯಾಹ್ನದೊಳಗೆ ನೀರು ಹುಳಿಯಿತು, ಸಂಜೆಗೆ ಇರುವೆಯ ಸಾಲು, ಮರುದಿನ ಕಣಜ. ಹಕ್ಕಿ ತಿರುಗಿ ನೋಡಲಿಲ್ಲ. ದಿನಾ ತೊಳೆದು ದಿನಾ ಬದಲಿಸಲು ಆಗದವರು ಬಾಟಲಿಯ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಬಣ್ಣ, ಜೇನುತುಪ್ಪ ಬೆರೆಸುವುದಂತೂ ಬೇಡವೇ ಬೇಡ.

ಗಿಡಕ್ಕೆ ಆ ತಾಪತ್ರಯವಿಲ್ಲ. ಬಾಡಿಗೆ ಮನೆಯ ಬಾಲ್ಕನಿಗೂ ಹೊಂದುವುದು ಹ್ಯಾಮೇಲಿಯಾ, ರಸೆಲಿಯಾ, ಒಂದೆಸಳಿನ ದಾಸವಾಳ. ನೀರು ಹಾಕಲು ಮರೆಯುವವರಿಗೆ ಲೋಳೆಸರ. ದೊಡ್ಡ ಕುಂಡದಲ್ಲಿ ವಯಸ್ಸಾದ ಮೇಲೆ ಅದು ಎತ್ತುವ ಹೂಗೋಲಿಗೆ ಸೂರಕ್ಕಿ ತಪ್ಪದೆ ಬರುತ್ತದೆ. ಸ್ವಲ್ಪ ನೆಲವಿದ್ದರೆ ಆಡುಸೋಗೆ ಊರಿ. ಇಲ್ಲಿನದೇ ಗಿಡ, ಕೆಮ್ಮಿಗೆ ಕಷಾಯವೂ ಆಯಿತು. ಸೊಸೈಟಿಯ ಪಾರ್ಕಿನಲ್ಲಿ ಜಾಗ ಸಿಕ್ಕರೆ ಮುತ್ತುಗದ ಒಂದು ಸಸಿ ನೆಡಲು ಹೋರಾಡಿ. ಅದು ನಿಧಾನದ ಮರ. ನೀವು ಹೂ ನೋಡುವ ಹೊತ್ತಿಗೆ ಬೆಂಗಳೂರಿಗೆ ವರ್ಗವಾಗಿರಬಹುದು, ಇರಲಿ.

ಇನ್ನೊಂದು ಮಾತು ಹೂವಿಗಿಂತ ಮುಖ್ಯ. ಸೂರಕ್ಕಿ ಸಕ್ಕರೆ ತಿಂದು ಬದುಕಿದರೂ ಮರಿಗಳಿಗೆ ತಿನ್ನಿಸುವುದು ಹುಳು, ಜೇಡ. ಗೂಡು ಹೆಣೆಯುವುದು ಜೇಡರ ಬಲೆಯ ನೂಲಿನಿಂದ. ನಾರು, ಒಣ ಎಲೆ, ತೊಗಟೆಚೂರು ಅಂಟಿಸಿ ಹೆಣ್ಣು ಅದನ್ನು ಚೀಲದ ಹಾಗೆ ನೇತುಹಾಕುತ್ತದೆ, ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೊಂದು ಸಣ್ಣ ಸೂರು. ಬಟ್ಟೆ ಒಣಹಾಕುವ ತಂತಿ, ಕೇಬಲ್ಲಿನ ತುದಿ, ಮನಿಪ್ಲಾಂಟ್ ಯಾವುದಾದರೂ ಅದಕ್ಕೆ ಸಾಕು. ಎರಡನೇ ವರ್ಷ ನಮ್ಮ ತಂತಿಗೂ ಅಂಥ ಚೀಲ ಬಂತು. ಏಪ್ರಿಲ್ಲಿನಲ್ಲಿ ನಮ್ಮ ಸೊಸೈಟಿಯ ಕಡೆಯಿಂದ ಎಲ್ಲ ಮಹಡಿಗಳಿಗೂ ಕೀಟನಾಶಕ ಸಿಂಪಡಿಸಿದರು. ನಾನು ಆಫೀಸಿನಲ್ಲಿದ್ದೆ. ಎರಡು ದಿನ ಹೆಣ್ಣು ಬಂದು ಹೋಯಿತು, ಮೂರನೇ ದಿನ ಬರಲಿಲ್ಲ. ವಿಷವೇ ಕಾರಣವೋ, ಬೆಕ್ಕೋ, ಬಿಸಿಲೋ, ಖಂಡಿತವಾಗಿ ಹೇಳಲಾರೆ. ಅಂದಿನಿಂದ ಮೂಲೆಯ ಜೇಡರ ಬಲೆಗೆ ಪೊರಕೆ ತಾಗಿಸುವುದನ್ನು ಮಾತ್ರ ಬಿಟ್ಟಿದ್ದೇನೆ. ಕೆಲಸದ ದೀದಿ ಇದನ್ನು ನನ್ನ ಸೋಮಾರಿತನ ಎಂದುಕೊಂಡಿದ್ದಾರೆ.

ಚರಿತ್ರೆ ಹಿಂದಕ್ಕೂ ತಿರುಗಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ದಿಲ್ಲಿಯ ಗಡಿ ದಾಟಿದೊಡನೆ ಗುರುಗ್ರಾಮದಲ್ಲಿ ಅರಾವಳಿ ಜೀವವೈವಿಧ್ಯ ಉದ್ಯಾನವಿದೆ. ಅದು ಕಲ್ಲುಗಣಿಯಾಗಿ ಹುಣ್ಣುಬಿದ್ದಿದ್ದ, ಬಳ್ಳಾರಿ ಜಾಲಿ ತುಂಬಿದ್ದ ನೆಲ. 2010ರಿಂದ ನಾಗರಿಕರು, ವಿಜಯ್ ಧಸ್ಮಾನಾ ಅವರಂಥ ಕಾಡು ಬಲ್ಲವರು ಸೇರಿ ಅಲ್ಲಿ ಅರಾವಳಿಯ ಮೂಲ ಗಿಡಗಳನ್ನೇ ಹುಡುಕಿ ತಂದು ಬೆಳೆಸಿದರು. 2022ರಲ್ಲಿ ಅದು ರಕ್ಷಿತಾರಣ್ಯದ ಹೊರಗಿದ್ದೂ ಜೀವವೈವಿಧ್ಯ ಕಾಯುವ ತಾಣವೆಂದು ದೇಶದಲ್ಲೇ ಮೊದಲ ಮಾನ್ಯತೆ ಪಡೆಯಿತು. ಹಳದಿ ಮೆಟ್ರೋ ಹಿಡಿದರೆ ಹತ್ತಿರಕ್ಕೇ ಹೋಗಬಹುದು.

ಬರುವ ಮಾರ್ಚಿನ ಒಂದು ಭಾನುವಾರ ಬೆಳಗ್ಗೆ ಅಲ್ಲಿಗೋ, ರಿಜ್‌ಗೋ ಹೋಗಿ. ಮುತ್ತುಗ ಅರಳಿದ್ದರೆ ಅದರ ಕೆಳಗೆ ಅರ್ಧ ಗಂಟೆ ಸುಮ್ಮನೆ ನಿಲ್ಲಿ. 'ಚೀವಿಟ್' ಎಂಬ ದನಿ ಮೊದಲು ಕೇಳುತ್ತದೆ, ಆಮೇಲೆ ಕಪ್ಪು ಚುಕ್ಕೆಯೊಂದು ಬಿಸಿಲಿಗೆ ತಿರುಗಿ ನೀಲಿಯಾಗುತ್ತದೆ. ವಿಡಿಯೋ ಮಾಡಿ, ಗುಂಪಿಗೂ ಹಾಕಿ. ಕೆಳಗೆ ಮಾತ್ರ ಸೂರಕ್ಕಿ ಎಂದು ಬರೆಯಿರಿ.